ಹೊಸ ಕಾರಿನ ಸಪ್ಪಳಗಳು

ನಲವತ್ತು ದಾಟಿದ ಮೇಲೆ ಬರುವ ಕಾಯಿಲೆಗಳಲ್ಲಿ ಸಕ್ಕರೆ, ರಕ್ತದೊತ್ತಡ, ಮೊಣಕಾಲು ನೋವು ಇವುಗಳ ಹೆಸರನ್ನು ಎಲ್ಲರೂ ಹೇಳುತ್ತಾರೆ. ವೇಗದ ಕಾರು ಕೊಳ್ಳುವ ಹುಚ್ಚಿನ ಹೆಸರನ್ನು ಮಾತ್ರ ಯಾರೂ ಹೇಳುವುದಿಲ್ಲ. ನನಗೆ ಮೊದಲಿನ ಮೂರೂ ಬರುವ ಮುನ್ನ ಇದೇ ಬಂದುಬಿಟ್ಟಿತು.

ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ 2003ರಲ್ಲಿ ಪುಣೆಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದವನು ನಾನು. 2004ರ ಜನವರಿ ಒಂದರಿಂದ ಹೊಸ ಪಿಂಚಣಿ ಪದ್ಧತಿ ಬಂತು. ಅಂದರೆ ಹಳೆಯ ಪದ್ಧತಿಯ ಕೊನೆಯ ಬೋಗಿಗೆ ಜೋತುಬಿದ್ದು ಹತ್ತಿಕೊಂಡವರಲ್ಲಿ ನಾನೂ ಒಬ್ಬ. ಜೋಪಾನ ನನ್ನ ಸ್ವಭಾವ. ಹದಿನಾಲ್ಕು ವರ್ಷ ಸ್ಕೂಟರು, ಆಮೇಲೆ ಏಳು ವರ್ಷ ಕೈ ಬದಲಾದ ಒಂದು ಸಣ್ಣ ಕಾರು. ಈ ಸಣ್ಣ ಕಾರು ಕಾತ್ರಜದ ಏರು ಬಂದಾಗ ಎ.ಸಿ. ನಿಲ್ಲಿಸಿ, ಕಿಟಕಿ ಇಳಿಸಿ, ಎರಡನೆಯ ಗೇರಿಗೆ ಬಂದು, ಮನೆದೇವರನ್ನು ನೆನೆಸಿದರೆ ಮಾತ್ರ ಹತ್ತುತ್ತಿತ್ತು. 2024ರ ಮಳೆಗಾಲದಲ್ಲಿ ಅದೂ ಕೈಕೊಟ್ಟಿತು. ಆಗ ಹನ್ನೊಂದನೆಯ ತರಗತಿಯಲ್ಲಿದ್ದ ಮಗರಾಯ ಒಂದು ರಾತ್ರಿ ಊಟದ ಹೊತ್ತಿಗೆ ಕೇಳಿದ: "ಅಪ್ಪಾ, ಜೀವನದಾಗ ಒಮ್ಮೆ ಆದ್ರೂ ಒಂದು ಬಸ್ಸನ್ನ ಹಿಂದ ಹಾಕೋಣಲ್ಲ?"

ಆ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು.

ಕಾರಿನ ಹೆಸರು ಇಲ್ಲಿ ಬೇಡ. ಹೇಳಿದರೆ ನಮ್ಮ ಸಂಘದ ಅರ್ಧ ಜನ ಅದರ ಪರವಾಗಿಯೂ ಉಳಿದರ್ಧ ವಿರುದ್ಧವಾಗಿಯೂ ವಾದಕ್ಕೆ ನಿಲ್ಲುತ್ತಾರೆ. 1,000 ಸಿ.ಸಿ.ಗೆ ಒಂದು ಕೂದಲೆಳೆ ಕಡಿಮೆ ಇರುವ, ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು. ಸಾಮಾನ್ಯವಾಗಿ ಈ ಗಾತ್ರದ ಎಂಜಿನ್ನಿನ ಶಕ್ತಿ 70 ಕುದುರೆಗಳ ಆಸುಪಾಸು. ಇದಕ್ಕೆ ಟರ್ಬೋ ಎಂಬ ಪುಟ್ಟ ಗಾಳಿಪಂಪು ಜೋಡಿಸಿ 120ರ ಹತ್ತಿರಕ್ಕೆ ಎಳೆದಿದ್ದಾರೆ. ಜರ್ಮನ್ ಕಾರುಗಳ ಒಡೆಯರು ಇದನ್ನು ವೇಗದ ಕಾರು ಎಂದರೆ ನಗಬಹುದು. ಗುಮಾಸ್ತನ ಮಟ್ಟಿಗೆ ಅದು ಐರಾವತ.

ಹಣದ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಮನೆಯಾಕೆ ಶಾಲಾ ಶಿಕ್ಷಕಿ. ಅವಳ ಸಂಬಳದ ಮೇಲೆ ಒಂದಿಷ್ಟು ಬ್ಯಾಂಕ್ ಸಾಲ ಮಾಡಿದೆವು. ಉಳಿದದ್ದು ನನ್ನ ಜಿ.ಪಿ.ಎಫ್.ನಿಂದ ತೆಗೆದದ್ದು. ಆ ಜಿ.ಪಿ.ಎಫ್. ಹಣಕ್ಕೆ ಮನಸ್ಸಿನಲ್ಲಿ ಮೊದಲೇ ಬೇರೊಂದು ಹೆಸರು ಬರೆದಿಟ್ಟಿದ್ದೆ. ಧಾರವಾಡದಲ್ಲಿ ಅವ್ವ ಒಬ್ಬಳೇ ಇರುವ ಹಂಚಿನ ಮನೆಯ ಮಾಡು ಸೋರುತ್ತದೆ. ಅದನ್ನು ಬಿಚ್ಚಿ ಹೊಸದಾಗಿ ಹೊದಿಸಬೇಕೆಂದು ಮೂರು ವರ್ಷದಿಂದ ಅಂದುಕೊಳ್ಳುತ್ತಿದ್ದೆ. ಫೋನಿನಲ್ಲಿ ಹೇಗೆ ಹೇಳುವುದೆಂದು ತಡವರಿಸುತ್ತಿದ್ದಾಗ ಅವಳೇ, "ಹಂಚು ಇನ್ನೆರಡು ಮಳಿಗಾಲ ತಡೀತಾವು, ನೀ ಗಾಡಿ ತಗೋಳಪ್ಪ," ಅಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ಇನ್ನೊಂದು ಫಜೀತಿ ಕಚೇರಿಯದು. ಎರಡು ತಿಂಗಳ ಮೂಲವೇತನಕ್ಕಿಂತ ಹೆಚ್ಚಿನ ಬೆಲೆಯ ಚರ ಆಸ್ತಿ ಕೊಂಡರೆ ಒಂದು ತಿಂಗಳೊಳಗೆ ಕಚೇರಿಗೆ ತಿಳಿಸಬೇಕೆಂಬುದು ನಮ್ಮ 1964ರ ನಡತೆ ನಿಯಮಗಳಲ್ಲಿ 18ನೆಯದು. ನಿಯಮದಂತೆ ಬರೆದುಕೊಟ್ಟೆ. ಕಾಗದ ಮೂರು ಮೇಜು ದಾಟುವಷ್ಟರಲ್ಲಿ ಇಡೀ ವಿಭಾಗಕ್ಕೆ ಬೆಲೆ, ಬಣ್ಣ, ಸಾಲದ ಕಂತು ಎಲ್ಲವೂ ಬಾಯಿಪಾಠವಾಗಿತ್ತು. ಅಂದಿನಿಂದ ನನ್ನನ್ನು "ಟರ್ಬೋ ಸಾಹೇಬರು" ಎಂದು ಕರೆಯುವುದು ರೂಢಿಯಾಯಿತು.

2024ರ ಅಕ್ಟೋಬರ್ 12ರಂದು, ವಿಜಯದಶಮಿಯ ದಿನ, ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ಕಾರು ಮನೆಗೆ ಬಂತು. ಮರುದಿನ ಬೆಳಿಗ್ಗೆಯಿಂದ ಸಪ್ಪಳಗಳು ಶುರು.

ಹೊಸ ಕಾರು ಕೊಂಡವನ ಕಿವಿ ನಾಯಿಯ ಕಿವಿಯಾಗುತ್ತದೆ. ಹಳೆಯ ಕಾರಿನಲ್ಲಿ ಬಾಗಿಲು ಅಲುಗಿದರೂ, ಡಬ್ಬ ಉರುಳಿದಂತೆ ಸದ್ದಾದರೂ ಏಳು ವರ್ಷ ಕೇಳಿಸಿಕೊಳ್ಳದಿದ್ದವನು, ಹೊಸದರಲ್ಲಿ ಸೂಜಿ ಬಿದ್ದರೂ ಬೆಚ್ಚುತ್ತಿದ್ದೆ. ಮೊದಲನೆಯ ಬೆಳಿಗ್ಗೆ ಕೀಲಿ ಒತ್ತಿದ ಕೂಡಲೇ ಎಂಜಿನ್ನು ಸುಮ್ಮನೆ ನಿಂತಲ್ಲೇ 1,500 ಸುತ್ತಿನಲ್ಲಿ ಗುರ್ ಎಂದು ಕೂಗತೊಡಗಿತು. ಹಳೆಯದು 800ಕ್ಕೆ ತಣ್ಣಗೆ ಕೂತಿರುತ್ತಿತ್ತು. ಏನೋ ಸಿಕ್ಕಿಹಾಕಿಕೊಂಡಿದೆ ಎಂದು ಗಾಬರಿಯಾಗಿ ಬಂದ್ ಮಾಡಿದೆ. ಕಾರಿನ ಜೊತೆ ಬಂದಿದ್ದ ಕೈಪಿಡಿಯನ್ನು ಅಂದು ರಾತ್ರಿ ಮೊದಲಿನಿಂದ ಕೊನೆಯವರೆಗೆ ಓದಿದೆ. ಇಲಾಖೆಯ ಪರೀಕ್ಷೆಗೂ ನಾನು ಹಾಗೆ ಓದಿರಲಿಲ್ಲ. ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ 250–300 ಡಿಗ್ರಿ ಶಾಖ ಏರುವ ತನಕ ಅದು ಕೆಲಸ ಮಾಡುವುದಿಲ್ಲ. ಅದನ್ನು ಬೇಗ ಕಾಯಿಸಲೆಂದು ಕಂಪ್ಯೂಟರು ಬೇಕೆಂದೇ ಒಂದು ನಿಮಿಷ ಎಂಜಿನ್ನನ್ನು ಜೋರಾಗಿ ಓಡಿಸುತ್ತದೆ. ಅಂದರೆ ದೋಷವಲ್ಲ, ಒಲೆ ಊದುವ ಕೆಲಸ.

ಎರಡನೆಯದು ಟಿಕ್ ಟಿಕ್ ಸದ್ದು. ಬಾನೆಟ್ಟು ಎತ್ತಿದರೆ ಟೈಪ್‌ರೈಟರು ಬಡಿದಂತೆ. ಹಳೆಯ ಬಗೆಯ ಎಂಜಿನ್ನುಗಳಲ್ಲಿ ಪೆಟ್ರೋಲನ್ನು ಮೂರ್ನಾಲ್ಕು ಬಾರ್ ಒತ್ತಡದಲ್ಲಿ ಹೊರಗಿನ ಕೊಳವೆಗೆ ಚಿಮ್ಮಿಸುತ್ತಾರೆ. ಇದರಲ್ಲಿ ನೇರ ಸಿಲಿಂಡರಿನೊಳಕ್ಕೆ, 200 ಬಾರ್‌ಗೂ ಮಿಕ್ಕ ಒತ್ತಡದಲ್ಲಿ. ಅಷ್ಟು ಒತ್ತಡವನ್ನು ಬಿಟ್ಟು ಹಿಡಿದು ಮಾಡುವ ಸೂಜಿಗಳು ಬಡಿದುಕೊಳ್ಳದೆ ಇನ್ನೇನು ಮಾಡಿಯಾವು? ಇದೂ ವಜಾ.

ಹೊಗೆಕೊಳವೆಯಿಂದ ನೀರು ತೊಟ್ಟಿಕ್ಕಿತು. ಪಕ್ಕದ ಮನೆಯ ಗೃಹಸ್ಥರು, "ಹೆಡ್ ಗ್ಯಾಸ್ಕೆಟ್ಟು ಹೋಗಿದೆ ನೋಡಿ," ಎಂದು ಹಾರೈಸಿದರು. ಇಲ್ಲಿ ಮಾತ್ರ ನನ್ನ ಬಿ.ಎಸ್ಸಿ. ಇಪ್ಪತ್ತನಾಲ್ಕು ವರ್ಷಗಳ ನಂತರ ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಪೆಟ್ರೋಲನ್ನು ಆಕ್ಟೇನ್ ಎಂದು ಹಿಡಿದು, ಹಾಲಿನ ಲೆಕ್ಕದ ಚೀಟಿಯ ಹಿಂದೆ ಸಮೀಕರಣ ಬರೆದೆ. 114 ಗ್ರಾಂ ಆಕ್ಟೇನ್ ಉರಿದರೆ 162 ಗ್ರಾಂ ನೀರು. ಪೆಟ್ರೋಲು ನೀರಿಗಿಂತ ಹಗುರಾದ್ದರಿಂದ, ಒಂದು ಲೀಟರು ಪೆಟ್ರೋಲ್ ಉರಿದರೆ ಸುಮಾರಾಗಿ ಒಂದು ಲೀಟರು ನೀರೇ ಹುಟ್ಟುತ್ತದೆ! ಎಂಜಿನ್ನು ಕಾದಿದ್ದರೆ ಆವಿಯಾಗಿ ಕಾಣದೆ ಹೋಗುತ್ತದೆ. ಬೆಳಗಿನ ತಣ್ಣನೆಯ ಕೊಳವೆಯಲ್ಲಿ ಹನಿಗಟ್ಟುತ್ತದೆ. ಚೀಟಿಯನ್ನು ನೆರೆಯವರಿಗೆ ತೋರಿಸಿದೆ. ಅವರು ಅದನ್ನು ತಿರುಗಿಸಿ ಹಾಲಿನ ಲೆಕ್ಕ ನೋಡಿ ವಾಪಸು ಕೊಟ್ಟರು.

ಉಳಿದವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ತೊಳೆದ ಮರುದಿನ ಬ್ರೇಕಿನ ತಟ್ಟೆಗಳ ಮೇಲೆ ಕಿತ್ತಳೆ ಬಣ್ಣದ ತುಕ್ಕು, ಮೊದಲೆರಡು ಬ್ರೇಕಿಗೆ ಕರಕರ ಸದ್ದು: ತಟ್ಟೆ ಎರಕದ ಕಬ್ಬಿಣ, ನೀರು ಬಿದ್ದರೆ ಒಂದು ರಾತ್ರಿಗೇ ತುಕ್ಕು, ನಾಲ್ಕು ಸಲ ಒತ್ತಿದರೆ ಒರೆಸಿ ಹೋಗುತ್ತದೆ. ಸುಟ್ಟ ವಾಸನೆ: ಹೊಗೆಕೊಳವೆಗೆ ಕಾರ್ಖಾನೆಯಲ್ಲಿ ಅಂಟಿದ ಎಣ್ಣೆ, ಮೇಣ ಉರಿದದ್ದು, ಒಂದು ವಾರದಲ್ಲಿ ನಿಂತಿತು. ಚಕ್ಕಡಿಯಲ್ಲಿ ಕೂತಂತೆ ಕುಲುಕಾಟ: ಇದಕ್ಕೆ ಕಾರಣ ಸಿಕ್ಕಾಗ ನಗು ಬಂತು. ಸಾಗಿಸುವಾಗ ಟೈರು ಚಪ್ಪಟೆಯಾಗಬಾರದೆಂದು ಗಾಳಿ ಹೆಚ್ಚು ತುಂಬಿರುತ್ತಾರೆ. ಮಾರುವವರು ಇಳಿಸಬೇಕು, ಮರೆತಿದ್ದರು. ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ 33 ಎಂದಿತ್ತು, ಟೈರಿನಲ್ಲಿ 42 ಇತ್ತು. ಹೊಸ ಕಾರು ತಂದವರು ದೃಷ್ಟಿ ತೆಗೆಯುವುದಕ್ಕಿಂತ ಮೊದಲು ಗಾಳಿ ನೋಡಿಸಿಕೊಳ್ಳುವುದು ಒಳ್ಳೆಯದು.

ಆದರೆ ಒಂದು ಸಪ್ಪಳ ಮಾತ್ರ ಯಾವ ಲೆಕ್ಕಕ್ಕೂ ಜಗ್ಗಲಿಲ್ಲ. ಎಲ್ಲೋ ಮುಂದುಗಡೆಯಿಂದ, ಏರಿನಲ್ಲಿ ಒತ್ತಿ ಓಡಿಸಿದಾಗ, ಸುಂಯ್ ಎನ್ನುವ ಉಸಿರು. ಕಾಲು ತೆಗೆದರೆ ಇಲ್ಲ.

ಆಗ ಒಂದು ನೋಟ್‌ಬುಕ್ಕು ತೆಗೆದೆ. ಕಚೇರಿಯಲ್ಲಿ ಯಾವ ಸಮಸ್ಯೆ ಬಂದರೂ ಮೊದಲು ಕಡತ ತೆರೆಯುವುದು ನಮ್ಮ ಜಾತಿಧರ್ಮ. ತಾರೀಖು, ಕಿಲೋಮೀಟರು, ಎಂಜಿನ್ನು ತಣ್ಣಗೋ ಬಿಸಿಯೋ, ಗೇರು ಯಾವುದು, ಸುತ್ತು ಎಷ್ಟು, ರಸ್ತೆ ಏರೋ ಸಪಾಟೋ, ಎ.ಸಿ. ಇತ್ತೋ ಇಲ್ಲವೋ, ಸಪ್ಪಳ ಹೇಗೆ, ಹೀಗೆ ಎಂಟು ಕಾಲಮು. ಒಂದೇ ಸಲಕ್ಕೆ ಒಂದೇ ಅಂಶ ಬದಲಿಸಿ ನೋಡಬೇಕೆಂದು ಪ್ರಯೋಗಾಲಯದಲ್ಲಿ ಕಲಿಸಿದ್ದರಲ್ಲ, ಹಾಗೆ. ಎ.ಸಿ. ನಿಲ್ಲಿಸಿದೆ, ಸಪ್ಪಳ ಹಾಗೆಯೇ. ಕಿಟಕಿ ಏರಿಸಿದೆ, ಹಾಗೆಯೇ. ನಿಂತಲ್ಲಿ ನ್ಯೂಟ್ರಲ್ಲಿನಲ್ಲಿ 4,000 ಸುತ್ತಿಗೆ ಏರಿಸಿದೆ, ಸದ್ದೇ ಇಲ್ಲ. ಮೂರನೆಯ ಗೇರಿನಲ್ಲಿ, ಏರಿನಲ್ಲಿ, 2,500 ಸುತ್ತು ದಾಟಿದರೆ ಹಾಜರು. ಹದಿನೇಳು ನಮೂದುಗಳಲ್ಲಿ ಹದಿನೇಳೂ ಹಾಗೆಯೇ.

ಇಷ್ಟು ಚೊಕ್ಕ ದಾಖಲೆ ಕೈಯಲ್ಲಿದ್ದೂ ನಾನು ಮಾಡಿದ ಷರಾ ಏನು ಗೊತ್ತೆ? "ಟರ್ಬೋದ ಸಹಜ ಸಿಳ್ಳು. ಕ್ರಮ ಅಗತ್ಯವಿಲ್ಲ." ಟರ್ಬೋ ಎಂದರೆ ಹೊಗೆಯ ರಭಸಕ್ಕೆ ತಿರುಗುವ ಒಂದು ಚಕ್ರ, ಅದೇ ಅಚ್ಚಿನ ಇನ್ನೊಂದು ತುದಿಗೆ ಗಾಳಿಯನ್ನು ಒತ್ತಿ ಕಳಿಸುವ ಮತ್ತೊಂದು ಚಕ್ರ. ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ದಾಟುವುದುಂಟು. ಅದು ಸಿಳ್ಳು ಹಾಕುತ್ತದೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಸಿಳ್ಳು ಬೇರೆ, ಸುಂಯ್ ಬೇರೆ ಎಂಬುದನ್ನು ಪುಸ್ತಕ ಹೇಳಲಾರದು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು ಮಾಡಿದೆ. ನವೆಂಬರಿನ ಮೊದಲ ವಾರ ಬಾನೆಟ್ಟು ಎತ್ತಿ ನೋಡಿದಾಗ ದಪ್ಪನೆಯ ಒಂದು ಕರಿ ರಬ್ಬರು ಕೊಳವೆಯ ಸಂದಿನಲ್ಲಿ ಎಣ್ಣೆಯ ಜಿಡ್ಡು, ಅದಕ್ಕಂಟಿದ ಧೂಳು ಕಂಡಿತು. ಹೊಸ ಕಾರು, ಹೊಲಸು ಇರಬಾರದೆಂದು ಹಳೆಯ ಬನಿಯನ್ನಿನಿಂದ ಚೆನ್ನಾಗಿ ಒರೆಸಿ ಫಳಫಳ ಮಾಡಿದೆ. ಕಳ್ಳ ಬಿಟ್ಟುಹೋದ ಹೆಜ್ಜೆಗುರುತನ್ನು ಮನೆಯೊಡೆಯನೇ ಗುಡಿಸಿದಂತಾಯಿತು.

ಅದೇ ತಿಂಗಳು ನಮ್ಮ ಸಂಘದ ರಾಜ್ಯೋತ್ಸವ. ಭುವನೇಶ್ವರಿಯ ಪೂಜೆ, ಭಾಷಣ ಮುಗಿದು ಊಟಕ್ಕೆ ಇನ್ನೂ ವೇಳೆಯಿತ್ತು. ಕಾರಿನ ಸುತ್ತ ಹತ್ತು ಜನ ಸೇರಿದರು. ನಿವೃತ್ತ ಬ್ಯಾಂಕ್ ವ್ಯವಸ್ಥಾಪಕರೊಬ್ಬರು ಪೆಟ್ರೋಲು ಕೆಟ್ಟದ್ದು ಅಂದರು. ಇನ್ನೊಬ್ಬರು ಮೊದಲ ಸಾವಿರ ಕಿಲೋಮೀಟರು ನಲವತ್ತನ್ನು ದಾಟಲೇಬಾರದು ಅಂದರು. ಅವರ ಅಳಿಯ ಮಾತ್ರ ಹೊಸತರಲ್ಲಿ ಹೇಗೆ ಓಡಿಸುತ್ತೀರೋ ಎಂಜಿನ್ನಿಗೆ ಅದೇ ಅಭ್ಯಾಸ, ಚೆನ್ನಾಗಿ ಬಿಗಿಯಿರಿ ಅಂದ. ಮಾವ ಅಳಿಯಂದಿರ ಜಗಳ ಹೋಳಿಗೆ ಬಡಿಸುವ ತನಕ ನಡೆಯಿತು. ನಿಜ ಎರಡರ ನಡುವೆ ಇದೆ. ಸಿಲಿಂಡರಿನ ಒಳಗೋಡೆಯ ಮೇಲೆ ಎಣ್ಣೆ ನಿಲ್ಲಲೆಂದು ಕೂದಲಿನಷ್ಟು ಸಣ್ಣ ಗೆರೆಗಳನ್ನು ಕೊರೆದಿರುತ್ತಾರೆ; ಪಿಸ್ಟನ್ನಿನ ಉಂಗುರಗಳು ಅದಕ್ಕೆ ಉಜ್ಜಿ ಉಜ್ಜಿ ಹೊಂದಿಕೊಳ್ಳಬೇಕು. ಪೂರ್ತಿ ಒತ್ತಿದರೆ ಹೆಚ್ಚು ಕಾಯುತ್ತದೆ, ತೀರ ಮೆತ್ತಗೆ ಓಡಿಸಿದರೆ ಉಂಗುರ ಗೋಡೆಗೆ ಒತ್ತಿಕೊಳ್ಳುವುದಿಲ್ಲ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗದೆ ಏರಿಸಿ ಇಳಿಸಿ ಓಡಿಸಿ ಎಂದು ಕೈಪಿಡಿಯೂ ಹೇಳುತ್ತದೆ. ಇದನ್ನು ನಾನು ಹೇಳಿದೆ. ಹೋಳಿಗೆಯ ಮುಂದೆ ಯಾರೂ ಕೇಳಲಿಲ್ಲ.

ಸಾವಿರ ಕಿಲೋಮೀಟರಿಗೆ ಮೊದಲ ಉಚಿತ ಸರ್ವಿಸು. ಸುಂಯ್ ಸಂಗತಿ ಹೇಳಿದೆ. ಕೊರಳಿಗೆ ಟೈ ಕಟ್ಟಿದ್ದ ಹುಡುಗ ಅಂಗಳದಲ್ಲೇ ನಿಲ್ಲಿಸಿಕೊಂಡು ಎಂಜಿನ್ನನ್ನು ನಾಲ್ಕು ಸಲ ಕಿರುಚಿಸಿ, "ಏನೂ ಇಲ್ಲ ಸರ್, ಹೊಸ ಗಾಡಿ, ಸೆಟಲ್ ಆಗುತ್ತೆ," ಎಂದ. ಕಾಗದದಲ್ಲಿ "ಪರೀಕ್ಷಿಸಲಾಯಿತು, ದೋಷ ಕಂಡುಬರಲಿಲ್ಲ" ಎಂದು ಬರೆದುಕೊಟ್ಟ. ಇಪ್ಪತ್ತೊಂದು ವರ್ಷ ಇಂಥ ವಾಕ್ಯಗಳನ್ನು ನಾನೇ ಬರೆಯುತ್ತ ಬಂದವನಾದ್ದರಿಂದ ಅದರ ಬೆಲೆ ನನಗೆ ಗೊತ್ತಾಗಬೇಕಿತ್ತು. ಆದರೆ ನನಗೂ ಅದೇ ಬೇಕಿತ್ತು. ದೋಷವಿದೆ ಎಂದು ಒಪ್ಪಿದರೆ ಜಿ.ಪಿ.ಎಫ್. ನೆನಪಾಗುತ್ತಿತ್ತು, ಜಿ.ಪಿ.ಎಫ್. ನೆನಪಾದರೆ ಹಂಚು. ಹೀಗಾಗಿ ಇನ್ನೊಂದು ಉಪಾಯ ಹೂಡಿದೆ. ಮನೆಯಾಕೆ ಜೊತೆಗಿದ್ದಾಗ ಏರು ಬಂತೆಂದರೆ ಹಾಡಿನ ಧ್ವನಿ ಏರಿಸುವುದು. ಭೀಮಸೇನ ಜೋಶಿಯವರ ತಾನಿನ ಕೆಳಗೆ ಎಂಥ ಸುಂಯ್ ಆದರೂ ಮುಳುಗುತ್ತದೆ.

ಡಿಸೆಂಬರ್ 14, ಶನಿವಾರ. ಅವ್ವನ ಕಣ್ಣಿನ ಪೊರೆಯ ಶಸ್ತ್ರಕ್ರಿಯೆಯನ್ನು ಪುಣೆಯಲ್ಲಿ ಮಾಡಿಸುವುದೆಂದಾಗಿ ಅವಳನ್ನು ಕರೆತರಲು ಧಾರವಾಡಕ್ಕೆ ಹೊರಟೆವು. ಕಾರಿನ ಮೊದಲ ದೂರದ ಪ್ರಯಾಣ. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟು, ಶಿರವಳ ದಾಟಿ, ಖಂಬಾಟಕಿ ಘಾಟಿಗೆ ಬಂದಾಗ ಬೆಳಕು ಹರಿಯುತ್ತಿತ್ತು. ಸಾತಾರಾದಿಂದ ಪುಣೆಗೆ ಬರುವವರಿಗೆ ಅಲ್ಲಿ ಸುರಂಗವಿತ್ತು. ಹೋಗುವವರು ಆಗ ಘಾಟು ಹತ್ತಿಯೇ ಹೋಗಬೇಕಿತ್ತು. ಕಬ್ಬಿನ ಹಂಗಾಮು ಬೇರೆ. ಮುಂದೆ ಒಂದು ಟ್ರ್ಯಾಕ್ಟರು, ಅದಕ್ಕೆ ಎರಡು ಟ್ರೇಲರು, ಎರಡರ ತುಂಬ ಮನೆಯೆತ್ತರದ ಕಬ್ಬು, ಎಮ್ಮೆಯ ನಡಿಗೆ. ಹಿಂದೆ ಒಂದು ಖಾಸಗಿ ಬಸ್ಸು.

ಮಗ, "ಅಪ್ಪಾ, ಹಿಂದ ಹಾಕು," ಅಂದ. ಬಲಕ್ಕೆ ತೆಗೆದು, ಮೂರನೆಯ ಗೇರಿನಲ್ಲಿ, ಎರಡು ತಿಂಗಳಲ್ಲಿ ಮೊದಲ ಬಾರಿಗೆ ಪೂರ್ತಿ ಒತ್ತಿದೆ.

ಕಾರು ಒಂದು ಕ್ಷಣ ಜಿಗಿಯಿತು. ಎರಡನೆಯ ಟ್ರೇಲರಿನ ಸಮಕ್ಕೆ ಬಂದಾಗ ಭುಸ್ ಎಂದು ದೊಡ್ಡದಾಗಿ ಉಸಿರು ಬಿಟ್ಟು ಕುಸಿಯಿತು. ಮುಂದಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪ. ಎಷ್ಟು ಒತ್ತಿದರೂ ಹಳೆಯ ಕಾರಿನಷ್ಟೂ ಶಕ್ತಿಯಿಲ್ಲ. ಎಡಕ್ಕೆ ಕಬ್ಬಿನ ಗೋಡೆ, ಮುಂದೆ ತಿರುವು, ಹಿಂದೆ ಬಸ್ಸಿನ ಹಾರ್ನು ಬೆನ್ನಿಗೇ ಕೂತ ಹಾಗೆ. ಬಸ್ಸಿನವನು ಬ್ರೇಕು ಒತ್ತಿದ ಕೀರಲು ಕೇಳಿಸಿತು. ಎರಡನೆಯ ಗೇರಿಗೆ ಹಾಕಿ, ಏದುಸಿರು ಬಿಡುತ್ತ, ಟ್ರ್ಯಾಕ್ಟರನ್ನು ದಾಟಿ ಎಡಕ್ಕೆ ಬರುವಷ್ಟರಲ್ಲಿ ನನ್ನ ಅಂಗೈ ಎರಡೂ ಒದ್ದೆಯಾಗಿದ್ದವು. ಬಸ್ಸು ಪಕ್ಕದಲ್ಲಿ ಹಾದುಹೋದಾಗ ಡ್ರೈವರನು ಮರಾಠಿಯಲ್ಲಿ ಹೇಳಿದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಅವನದೇನೂ ತಪ್ಪಿರಲಿಲ್ಲ.

ನೆತ್ತಿ ದಾಟಿ, ಅಗಲವಾದ ಒಂದು ಕಡೆ ನಿಲ್ಲಿಸಿದೆ. ಯಾರೂ ಮಾತಾಡಲಿಲ್ಲ. ಆಮೇಲೆ ಮನೆಯಾಕೆ, ಶಾಲೆಯಲ್ಲಿ ತಪ್ಪು ಮಾಡಿದ ಹುಡುಗನನ್ನು ಕೇಳುವ ಮೆತ್ತನೆಯ ದನಿಯಲ್ಲಿ, "ಇದು ಹಿಂಗ ಮಾಡ್ತೈತಿ ಅಂತ ನಿಮಗ ಗೊತ್ತಿತ್ತಲ್ಲ?" ಅಂದಳು.

"ಸಣ್ಣ ಸಪ್ಪಳ ಇತ್ತು. ಇಷ್ಟಾಗ್ತದ ಅಂತ ಗೊತ್ತಿರಲಿಲ್ಲ."

"ಏರು ಬಂದಾಗೊಮ್ಮೆ ಹಾಡು ಯಾಕ ಜೋರು ಮಾಡ್ತಿದ್ರಿ ಅಂತ ನನಗ ತಿಳಿಯೂದಿಲ್ಲೇನ್ರಿ? ದೀಪಾವಳಿ ದಿನಾನs ನಾ ಕೇಳೇನಿ ಆ ಸಪ್ಪಳ. ನೀವಾಗೇ ಹೇಳಲಿ ಅಂತ ಸುಮ್ಮನಿದ್ದೆ."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನೋಟ್‌ಬುಕ್ಕು ತೆಗೆದು ಅವಳ ಕೈಗಿಟ್ಟೆ. ಹದಿನೇಳು ನಮೂದುಗಳನ್ನೂ ಓದಿದಳು. ನನ್ನ ಷರಾ ಓದಿದಳು. ಓದಿ, "ನಿಮಗ ಸಿಟ್ಟು ಬರೂದಿಲ್ಲಂದ್ರ ಒಂದು ಮಾತು. ಕುಕ್ಕರಿನ ರಬ್ಬರು ಸಡಲಾದಾಗ ಹಿಂಗs ಸುಂಯ್ ಅಂತೈತಿ. ಸೀಟಿ ಹೊಡಿಯೂದಿಲ್ಲ, ಬ್ಯಾಳಿ ಬೇಯೂದಿಲ್ಲ. ತಣ್ಣಗಿದ್ದಾಗ ಎಷ್ಟು ನೋಡಿದ್ರೂ ಏನೂ ಕಾಣೂದಿಲ್ಲ," ಅಂದಳು.

ಮಗ ಗೆಳೆಯನಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಯಂತ್ರ ತಂದಿದ್ದ. ಸ್ಟಿಯರಿಂಗಿನ ಕೆಳಗಿನ ಕಿಂಡಿಗೆ ಸಿಕ್ಕಿಸಿದರೆ ಕಾರಿನ ಕಂಪ್ಯೂಟರು ಬರೆದಿಟ್ಟ ದೂರನ್ನು ಫೋನಿಗೆ ಕಳಿಸುತ್ತದೆ. ಸಿಕ್ಕಿಸಿದ. ಪಿ-0299 ಎಂದು ಬಂತು. ಅರ್ಥ ನೋಡಿದೆವು: ಟರ್ಬೋದಿಂದ ಬರಬೇಕಾದ ಗಾಳಿಯ ಒತ್ತಡ ಸಾಲದು. ಬ್ಯಾಳಿ ಬೇಯುತ್ತಿಲ್ಲ, ಅಷ್ಟೇ.

ಅಲ್ಲಿ ರಸ್ತೆಬದಿಯಲ್ಲಿ ನಿಂತು ಯೋಚಿಸಿದಾಗ ಒಂದೊಂದಾಗಿ ಹೊಳೆಯಿತು. ಟರ್ಬೋ ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ಮುಂದಿನ ಇಂಟರ್‌ಕೂಲರೆಂಬ ಜಾಲರಿಯಲ್ಲಿ ತಣಿಸಿ ಎಂಜಿನ್ನಿಗೆ ಕಳಿಸುತ್ತಾರೆ. ಹೋಗಿ ಬರುವ ದಾರಿಯಲ್ಲಿ ರಬ್ಬರು ಕೊಳವೆಗಳು, ಅವುಗಳ ಸಂದಿಗೆ ಉಕ್ಕಿನ ಪಟ್ಟಿಯ ಕ್ಲಾಂಪು. ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚುಕಡಿಮೆ ಒಂದು ಬಾರ್ ಹೆಚ್ಚು. ನಮ್ಮ ಅಡಿಗೆಮನೆಯ ಕುಕ್ಕರೂ ಸೀಟಿ ಹೊಡೆಯುವುದು ಬಹುತೇಕ ಅಷ್ಟೇ ಒತ್ತಡಕ್ಕೆ, ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ! ಮತ್ತು ಈ ಒತ್ತಡ ಹುಟ್ಟುವುದು ಎಂಜಿನ್ನಿಗೆ ಭಾರ ಬಿದ್ದಾಗ ಮಾತ್ರ. ನಿಂತಲ್ಲಿ ಎಷ್ಟು ಕಿರುಚಿಸಿದರೂ ಗಾಳಿಯ ಬಾಗಿಲು ಅರೆಮುಚ್ಚಿರುತ್ತದೆ, ಹೊಗೆ ಕಡಿಮೆ, ಚಕ್ರ ಬಿರುಸಾಗಿ ತಿರುಗುವುದಿಲ್ಲ. ಟೈ ಕಟ್ಟಿದ ಹುಡುಗ ಅಂಗಳದಲ್ಲಿ ನಿಂತು ವರ್ಷಪೂರ್ತಿ ಪರೀಕ್ಷಿಸಿದ್ದರೂ ಅದು ಸಿಕ್ಕುತ್ತಿರಲಿಲ್ಲ. ಇನ್ನು ಆ ಜಿಡ್ಡು! ಎಂಜಿನ್ನಿನಿಂದ ಬರುವ ಎಣ್ಣೆಯ ಆವಿ ಈ ಗಾಳಿಯಲ್ಲಿ ತುಸು ಬೆರೆತಿರುತ್ತದೆ. ಎಲ್ಲಿ ಗಾಳಿ ಸೋರುತ್ತದೋ ಅಲ್ಲಿ ಜಿಡ್ಡು ಕೂರುತ್ತದೆ. ಅದನ್ನೇ ನಾನು ಬನಿಯನ್ನಿನಿಂದ ಒರೆಸಿದ್ದೆ.

ಅರ್ಧ ಗಂಟೆ ಆರಲು ಬಿಟ್ಟು ಬಾನೆಟ್ಟು ಎತ್ತಿದೆ. ಅದೇ ಕೊಳವೆ, ಅದೇ ಸಂದು, ಮತ್ತೆ ಜಿಡ್ಡು ಕೂತಿತ್ತು. ಕೊಳವೆ ಒಂದು ಬದಿಗೆ ಬೆರಳಿನಷ್ಟು ಜಾರಿ ಓರೆಯಾಗಿತ್ತು. ಕ್ಲಾಂಪನ್ನು ಕೈಯಿಂದಲೇ ತಿರುಗಿಸಲು ಬರುತ್ತಿತ್ತು.

ಸ್ಕ್ರೂಡ್ರೈವರಿನ ಎರಡು ತಿರುವಿನ ಕೆಲಸ. ಆದರೆ ಕೈ ಮುಂದೆ ಹೋಗಲೊಲ್ಲದು. ಮುಟ್ಟಿದರೆ ವಾರಂಟಿ ಹೋಗುತ್ತದೋ ಏನೋ! ಮೇಲಧಿಕಾರಿಯ ಸಹಿಯಿಲ್ಲದೆ ಬೀಗ ತೆಗೆಯುವುದು ಹೇಗೆಂಬ ಗುಮಾಸ್ತನ ಭಯ. ಮನೆಯಾಕೆ, "ಮೊದಲ ಫೋಟೋ ತೆಗೀರಿ, ಆಮ್ಯಾಲ ಮುಟ್ಟರಿ," ಅಂದಳು. ಜಿಡ್ಡು, ಓರೆ ಕೊಳವೆ, ಕಿಲೋಮೀಟರು ಮೀಟರು, ಪಿ-0299, ಎಲ್ಲದರ ಫೋಟೋ ಆಯಿತು. ಹೊಸ ಕಾರಿನ ಡಿಕ್ಕಿಯಲ್ಲಿ ಜಾಕು, ಪಾನಾ ಬಿಟ್ಟರೆ ಏನೂ ಕೊಟ್ಟಿರಲಿಲ್ಲ. ಆದರೆ ಹಳೆಯ ಸ್ಕೂಟರು ಮಾರುವಾಗ ಅದರ ಸಾಮಾನಿನ ಚೀಲವನ್ನು ನಾನು ಕೊಟ್ಟಿರಲಿಲ್ಲ. ಅದನ್ನು ಡಿಕ್ಕಿಯಲ್ಲಿ ಇಟ್ಟಾಗ ಮಗ ನಕ್ಕಿದ್ದ. ಈಗ ಅವನೇ ಓಡಿಹೋಗಿ ತಂದ. ಕೊಳವೆಯನ್ನು ಪೂರ್ತಿ ಒಳಕ್ಕೆ ಒತ್ತಿ ಕೂರಿಸಿ ಕ್ಲಾಂಪು ಬಿಗಿದೆ.

ಸಾತಾರಾ, ಕರಾಡ, ಕೊಲ್ಹಾಪುರ. ಎಲ್ಲಿಯೂ ಹಾಡು ಹಾಕಲಿಲ್ಲ. ನಿಪ್ಪಾಣಿ ದಾಟಿ ತವಂದಿ ಘಾಟು ಬಂದಾಗ ಮನೆಯಾಕೆ ತಾನೇ ಕಿಟಕಿ ಇಳಿಸಿ, "ಈಗ ಒತ್ತರಿ," ಅಂದಳು. ಮುಂದೆ ಹಿಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡು, ಮೂರನೆಯ ಗೇರಿನಲ್ಲಿ ಒತ್ತಿದೆ. ಬೆನ್ನು ಸೀಟಿಗೆ ಅಂಟಿತು. ತೆಳ್ಳಗೆ, ದೂರದಲ್ಲಿ ಯಾರೋ ಕೊಳಲಿಗೆ ಉಸಿರು ಕೊಟ್ಟಂತೆ ಒಂದು ಸಿಳ್ಳು. ಸಿಳ್ಳೆಂದರೆ ಇದು. ನೋಟ್‌ಬುಕ್ಕಿನಲ್ಲಿ ಹದಿನೆಂಟನೆಯ ನಮೂದನ್ನು ಮನೆಯಾಕೆಯೇ ಬರೆದಳು: "ಸುಂಯ್ ಇಲ್ಲ."

ಧಾರವಾಡದಲ್ಲಿ ಅವ್ವ ಕಾರನ್ನು ಸುತ್ತು ಹಾಕಿ ನೋಡಿ, ಗಾಲಿಗೆ ಕುಂಕುಮ ಹಚ್ಚಿ, "ಇಷ್ಟ ತಗ್ಗಿನಾಗ ಕೂತು ಏಳೂದು ಹ್ಯಾಂಗೋ?" ಅಂದಳು. ಊಟವಾದ ಮೇಲೆ ಅಡಿಗೆಮನೆಯ ಮಾಡು ನೋಡಲು ಹೋದೆ. ಬೇಸಿಗೆಯಲ್ಲಿ ಮೇಸ್ತ್ರಿ ಬಂದು ಹತ್ತಿ ನೋಡಿ ಏನೂ ಕಾಣುವುದಿಲ್ಲ ಅಂದು ಹೋಗಿದ್ದನಂತೆ. "ಸುಮ್ಮನ ಮಳಿಗೆ ಸೋರೂದಿಲ್ಲೋ. ಪಡುವಣ ಗಾಳಿ ಹೊಡದಾಗ ಮಾತ್ರ ಈ ಮೂಲಿ, ಜೋರು ಹೊಡದ್ರ ಆ ಮೂಲಿನೂ. ನಾ ತಂಬಿಗಿ ಎಲ್ಲೆಲ್ಲಿ ಇಡ್ತೀನಿ ನನಗs ಗೊತ್ತು," ಅಂದಳು. ತಂಬಿಗೆ ಇಡುವ ಐದು ಜಾಗಗಳನ್ನೂ ಅವಳಿಂದಲೇ ತೋರಿಸಿಕೊಂಡು, ನೋಟ್‌ಬುಕ್ಕಿನ ಮುಂದಿನ ಹಾಳೆಯಲ್ಲಿ ಮಾಡಿನ ಚಿತ್ರ ಬರೆದು, ಐದು ಕಡೆ ಗುರುತು ಹಾಕಿ, ಪಕ್ಕದಲ್ಲಿ ಗಾಳಿಯ ದಿಕ್ಕು ಬರೆದೆ.

ಪುಣೆಗೆ ಮರಳಿದ ವಾರದಲ್ಲೇ ಸರ್ವಿಸಿನವರಲ್ಲಿಗೆ ಹೋದೆ. ಈ ಸಲ ಟೈ ಹುಡುಗನನ್ನು ಬಿಟ್ಟು, ಕೆಲಸ ಮಾಡುವವರ ಪೈಕಿ ಹಿರಿಯರನ್ನೇ ಕರೆಸಿ ಎಂದು ಪಟ್ಟು ಹಿಡಿದೆ. ದೂರನ್ನು ನನ್ನ ಮಾತಿನಲ್ಲೇ ಕಾಗದದ ಮೇಲೆ ಬರೆಸಿ ನಕಲು ಪಡೆದೆ. ವಾರಂಟಿಯ ವ್ಯಾಜ್ಯಕ್ಕೆ ನಾಳೆ ಸಾಕ್ಷಿ ಹೇಳುವುದು ಆ ಕಾಗದವೇ ಹೊರತು ನಮ್ಮ ಬಾಯಲ್ಲ. ಬಂದವರು ಸಾಂಗ್ಲಿ ಕಡೆಯ ಹಿರಿಯ ಮೆಕ್ಯಾನಿಕರು. ಫೋಟೋ ನೋಡಿದರು, ಹದಿನೆಂಟು ನಮೂದುಗಳನ್ನೂ ನನ್ನಿಂದ ಮರಾಠಿಯಲ್ಲಿ ಓದಿಸಿದರು. ಕೊಳವೆ ಮೊದಲಿನಿಂದಲೇ ಓರೆಯಾಗಿ ಕೂತಿದ್ದಿರಬೇಕು, ಒತ್ತಡಕ್ಕೆ ದಿನದಿನಕ್ಕೆ ಜಾರಿದೆ ಎಂದರು. ಬಿಚ್ಚಿ, ಸಂದು ಒರೆಸಿ, ಹೊಸ ಕ್ಲಾಂಪು ಹಾಕಿ, ಕಂಪ್ಯೂಟರಿನ ದೂರು ಅಳಿಸಿದರು. ಕಾಸು ಕೇಳಲಿಲ್ಲ. "ಮೊದಲ ಸಲವೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾತ್ರಜ ಘಾಟು ಹತ್ತಿಸಿದ್ದರೆ ಹತ್ತು ನಿಮಿಷದ ಕೆಲಸವಾಗಿತ್ತು ಸಾಹೇಬ್," ಎಂದರು.

ನೋಟ್‌ಬುಕ್ಕು ಹಿಂತಿರುಗಿಸುವಾಗ ಒಂದು ಹಾಳೆ ಹೆಚ್ಚಿಗೆ ತಿರುವಿತು. ಐದು ಗುರುತು, ಬಾಣದ ಚಿಹ್ನೆ ನೋಡಿ ಕನ್ನಡಕ ಸರಿಮಾಡಿಕೊಂಡು, "ಇದು ಯಾವ ಗಾಡಿ?" ಅಂದರು.

"ಗಾಡಿಯಲ್ಲ, ಧಾರವಾಡದ ನಮ್ಮ ಮನೆಯ ಮಾಡು," ಅಂದೆ. "ಅದರ ವಾರಂಟಿ ನಮ್ಮ ಅಜ್ಜನ ಕಾಲಕ್ಕೇ ಮುಗಿದಿದೆ."